ಇಂಜಿನ್ ಕಾಯದಂತೆ ಕಾಯುವ ಕಾಸಿಮಸಾಬ

ಬೆಳಗಾವಿಯ ಅನಗೋಳದ ಓಣಿಗೆ ಇನ್ನೂ ಹಾಲಿನವರು ಬಂದಿಲ್ಲ. ಬೀದಿದೀಪ ಆರಿಲ್ಲ. ಕಾಸಿಮಸಾಬ ತಮ್ಮ ಅಂಗಡಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಫ್ರಿಜ್ ಬಂದ ಪೆಟ್ಟಿಗೆಯ ರಟ್ಟಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದಾರೆ. ಗೆರೆಯ ಗುಂಟ ಕತ್ತರಿಸಿ, ಎದುರಿಗೆ ನಿಂತ ಕಾರಿನ ರೇಡಿಯೇಟರಿಗೆ ಹಿಡಿದು ನೋಡುತ್ತಾರೆ. ಒಂದು ಮೂಲೆ ಹೊಂದುವುದಿಲ್ಲ. ಮತ್ತೆ ಬಂದು ಕೂರುತ್ತಾರೆ. ನಾನು ಬಂದು ಅರ್ಧ ತಾಸಾಗಿದೆ. ಇದು ಮೂರನೆಯ ರಟ್ಟು.

‘ತಪ್ಪು ಆಗೂದಿದ್ರ ರಟ್ಟಿನ್ಯಾಗ ಆಗ್ಲಿರಿ. ತಗಡಿನ್ಯಾಗ ಆಗಬಾರ್ದು’ ಎನ್ನುತ್ತಾರೆ, ತಲೆ ಎತ್ತದೆ.

ಕಾರು ಸಂಜಯ ಅವರದು. ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಕೆಲಸ. ಹಳೆಯ ಕಾರಿನ ಮೈ ಉಳಿಸಿಕೊಂಡು, ಬಾನೆಟ್ ಕಳಚಿ, ಅದರೊಳಗೆ ಎರಡು ಪಟ್ಟು ದೊಡ್ಡ ಡೀಸೆಲ್ ಇಂಜಿನ್ ಕೂರಿಸಿದ್ದಾರೆ. ಇಂಥ ಗಾಡಿಗೆ ಹಾಟ್ ರಾಡ್ ಎಂದು ಹೆಸರು. ಎರಡು ವರ್ಷದ ರಜೆಗಳನ್ನೆಲ್ಲ ಸುರಿದು ಕಟ್ಟಿದ ಈ ಗಾಡಿ ಓಡುವಾಗ ಚೆನ್ನಾಗಿಯೇ ಇರುತ್ತದೆ, ಸಿಗ್ನಲ್‌ನಲ್ಲಿ ನಿಂತರೆ ಕುದಿಯುತ್ತದೆ. ರೇಡಿಯೇಟರ್ ದೊಡ್ಡದು ಹಾಕಿಸಿದರು, ಫ್ಯಾನ್ ಬದಲಿಸಿದರು. ಗುಣ ಕಾಣಲಿಲ್ಲ.

ಕಾಸಿಮಸಾಬ ಇಂಜಿನ್ ಚಾಲೂ ಮಾಡಿಸಿ, ಊದುಬತ್ತಿ ಹಚ್ಚಿ ರೇಡಿಯೇಟರಿನ ಮುಂದೆ ಹಿಡಿಯುತ್ತಾರೆ. ನಡುವಿನಲ್ಲಿ ಹೊಗೆ ಒಳಗೆ ಹೋಗುತ್ತದೆ. ಮೂಲೆಗಳಲ್ಲಿ ಸುಮ್ಮನೆ ಮೇಲೇಳುತ್ತದೆ. ‘ನೋಡ್ರಿ, ಫ್ಯಾನ್ ಗಾಳಿ ಎಳ್ಯಾಕತ್ತೈತಿ ಖರೇ. ರೇಡಿಯೇಟರ್‌ನಾಗಿಂದ ಅಲ್ಲ, ಬಾಜೂದಿಂದ ಎಳ್ಯಾಕತ್ತೈತಿ. ನಾಲ್ಕೂ ಮೂಲಿ ದಂಡ.’ ಇದಕ್ಕೆ ಮದ್ದು, ರೇಡಿಯೇಟರಿನ ಬೆನ್ನಿಗೆ ಫ್ಯಾನನ್ನು ಸುತ್ತುವರಿದು ಕೂರುವ ತಗಡಿನ ಗೂಡು. ಮೆಕ್ಯಾನಿಕ್‌ಗಳ ಬಾಯಲ್ಲಿ ಫ್ಯಾನ್ ಕವರ್.

ರಟ್ಟು ಹೊಂದಿದ ಮೇಲೆ ತಗಡಿನ ಸರದಿ. ಕತ್ತರಿ, ಮರದ ಸುತ್ತಿಗೆ, ಅಂಚು ಮಡಿಸಲು ಹಳೆಯ ರೈಲು ಹಳಿಯ ತುಂಡು. ನಡುವೆ ಫ್ಯಾನಿಗೆ ದುಂಡನೆಯ ಕಿಂಡಿ. ರೆಕ್ಕೆಗೂ ತಗಡಿಗೂ ಒಂದು ಬೆರಳಿನ ಅಂತರ ಬೇಕೇ ಬೇಕು. ‘ಇಂಜಿನ್ ನಡಗ್ತೈತಿ, ರೇಡಿಯೇಟರ್ ನಡಗೂದಿಲ್ಲ. ಅಂತರ ಕಡಿಮಿ ಬಿಟ್ರ ರೆಕ್ಕಿ ಬಡೀತೈತಿ. ಹೆಚ್ಚು ಬಿಟ್ರ ಗಾಳಿ ಸೋರ್ತೈತಿ.’ ರೆಕ್ಕೆ ಅರ್ಧ ಗೂಡಿನ ಒಳಗೆ, ಅರ್ಧ ಹೊರಗೆ ನಿಲ್ಲಬೇಕು. ಅಳೆಯಲು ಅವರು ಟೇಪು ಮುಟ್ಟುವುದಿಲ್ಲ, ಬಲಗೈಯ ತೋರುಬೆರಳನ್ನು ತೂರಿಸಿ ನೋಡುತ್ತಾರೆ. ಎಡಗೈಯ ಎರಡು ಬೆರಳುಗಳಿಗೆ ತುದಿಯಿಲ್ಲ.

ವಯಸ್ಸು ಅರವತ್ತೆರಡು. ತಂದೆ ಖಾನಾಪುರದಲ್ಲಿ ತಗಡಿನ ಟ್ರಂಕು, ಡಬ್ಬಿ ಮಾಡುತ್ತಿದ್ದರು. ಇಪ್ಪತ್ತರ ಹರೆಯದಲ್ಲಿ ಬೆಳಗಾವಿಗೆ ಬಂದ ಕಾಸಿಮಸಾಬ ರೇಡಿಯೇಟರ್ ಬೆಸುಗೆಗೆ ಇಳಿದರು. ದಿನಕ್ಕೆ ಐದು ರೇಡಿಯೇಟರ್ ಬರುತ್ತಿದ್ದ ಕಾಲವಿತ್ತು. ಈಗ ವಾರಕ್ಕೆ ಎರಡು ಬಂದರೆ ಹೆಚ್ಚು. ಹೊಸ ಗಾಡಿಗಳ ರೇಡಿಯೇಟರ್ ಕೆಟ್ಟರೆ ಎಸೆಯುತ್ತಾರೆ, ಬೆಸೆಯುವವರನ್ನು ಹುಡುಕುವುದಿಲ್ಲ. ನಾಲ್ಕು ದಶಕ ಆ್ಯಸಿಡ್ ಹೊಗೆ ಕುಡಿದ ಎದೆ ನಾಲ್ಕು ಮಾತಿಗೊಮ್ಮೆ ಕೆಮ್ಮುತ್ತದೆ. ಬೆಸುಗೆ ಬಿಡಿ ಎಂದು ಡಾಕ್ಟರು ಹೇಳಿ ಮೂರು ವರ್ಷವಾಯಿತು.

ಹೆಂಡತಿ ನಸೀಬಾ ಚಹಾ ತಂದಿಡುತ್ತಾರೆ. ‘ಡಾಕ್ಟರ್ ಹೇಳಿದ್ದು ಇವರ ಕಿವಿಗೆ ಹೋಗೂದಿಲ್ರಿ. ಮಳಿಗಾಲ ಬಂತಂದ್ರ ಊಟನೂ ಬ್ಯಾಡ, ನಿದ್ದಿನೂ ಬ್ಯಾಡ. ಆ ಹೆಣ್ಮಗಳು ಸತ್ತಾಗಿಂದ ಹಿಂಗ.’

ಯಾವ ಹೆಣ್ಣುಮಗಳು ಎಂದು ನಾನು ಕೇಳುತ್ತೇನೆ. ಕಾಸಿಮಸಾಬ ಸುತ್ತಿಗೆ ಕೆಳಗಿಡುತ್ತಾರೆ.

ಹನ್ನೊಂದು ವರ್ಷದ ಹಿಂದಿನ ಮಾತು. ಕಣಕುಂಬಿಯ ರಾಮಲಿಂಗ ಎಂಬ ಚಾಲಕ ತನ್ನ ಜೀಪು ತಂದಿದ್ದ. ಪ್ಲಾಸ್ಟಿಕ್ಕಿನ ಫ್ಯಾನ್ ಕವರ್ ಸೀಳಿ ರೆಕ್ಕೆಗೆ ತಾಗುತ್ತಿತ್ತು. ಅಂದು ಅಂಗಡಿಯ ಮುಂದೆ ಗಾಡಿಗಳ ಸಾಲು. ಕಾಸಿಮಸಾಬ ಕವರ್ ಬಿಚ್ಚಿ ಪಕ್ಕಕ್ಕೆ ಹಾಕಿದರು.

‘ಇದಿಲ್ಲದನೂ ಓಡ್ತೈತಿ ಹೋಗು, ಮುಂದಿನ ವಾರ ಬಾ, ತಗಡಿಂದು ಮಾಡಿಕೊಡ್ತೀನಿ ಅಂದ್ನಿರಿ. ಅಂವ ಬರಲಿಲ್ಲ. ನಾನೂ ಕೇಳಲಿಲ್ಲ.’

ಹದಿನೇಳನೆಯ ದಿನ ಆ ಜೀಪಿನಲ್ಲಿ ತ್ರಿವೇಣಿ ಎಂಬ ಬಸುರಿಯನ್ನು ಕಣಕುಂಬಿಯಿಂದ ಖಾನಾಪುರದ ಆಸ್ಪತ್ರೆಗೆ ಹೊರಡಿಸಿದರು. ಜೊತೆಗೆ ಜಾಂಬೋಟಿಯಿಂದ ಬಂದಿದ್ದ ತಾಯಿ ಭೀಮಕ್ಕ. ರಸ್ತೆ ಕುಸಿದಿದ್ದರಿಂದ ಮುಂದೆ ಲಾರಿಗಳು ತೆವಳುತ್ತಿದ್ದವು. ಏರಿನಲ್ಲಿ ಒಂದನೇ ಗೇರಿನಲ್ಲೇ ಸಾಗಿದ ಜೀಪು ಜಾಂಬೋಟಿ ಇನ್ನೂ ದೂರವಿರುವಾಗಲೇ ಕುದಿದು ನಿಂತಿತು. ಫೋನಿಗೆ ಸಿಗ್ನಲ್ ಇಲ್ಲ. ‘ಮ್ಯಾಲೆ ಮಳಿ ಸುರೀತಿತ್ತಂತ, ಒಳಗ ನೀರು ಕುದೀತಿತ್ತಂತ’ ಎನ್ನುವಾಗ ಕಾಸಿಮಸಾಬರ ದನಿ ಕೇಳಿಸದಷ್ಟು ಇಳಿಯುತ್ತದೆ. ಇಂಜಿನ್ ತಣಿಯಲು ಒಂದೂವರೆ ತಾಸು ಹಿಡಿಯಿತು. ಖಾನಾಪುರ ಮುಟ್ಟುವ ಮೊದಲೇ ತ್ರಿವೇಣಿಯೂ ಹೋದಳು, ಮಗುವೂ ಹೋಯಿತು.

ಕಾಸಿಮಸಾಬರ ಹೆಸರನ್ನು ಯಾರೂ ಎತ್ತಲಿಲ್ಲ. ತಿಂಗಳ ನಂತರ ಗಾಡಿ ಮಾರಿ ಬಂದ ರಾಮಲಿಂಗ ಸುದ್ದಿ ಹೇಳಿದಾಗ, ಸೀಳಿದ ಆ ಕವರ್ ಇನ್ನೂ ಬೆಂಚಿನ ಕೆಳಗೇ ಬಿದ್ದಿತ್ತು. ಮರುದಿನ ಕಾಸಿಮಸಾಬ ಬಸ್ ಹಿಡಿದು ಜಾಂಬೋಟಿಗೆ ಹೋಗಿ ಭೀಮಕ್ಕನ ಮುಂದೆ ನಿಂತು ಎಲ್ಲವನ್ನೂ ಹೇಳಿದರು. ಆಕೆ ಕೊನೆಯವರೆಗೆ ಕೇಳಿ, ‘ನೀವು ಹೋಗ್ರಿ’ ಎಂದರು. ಅಷ್ಟೇ.

ಅಂದಿನಿಂದ ಪ್ರತಿ ವರ್ಷ ಮಳೆಗೆ ಮುಂಚೆ ನಾಲ್ಕು ಭಾನುವಾರ ಅವರು ಜಾಂಬೋಟಿಯ ಜೀಪು ನಿಲ್ದಾಣದಲ್ಲಿರುತ್ತಾರೆ. ನಿಂತ ಗಾಡಿಗಳ ಬಾನೆಟ್ ಎತ್ತಿಸಿ ಫ್ಯಾನ್ ಕವರ್ ನೋಡುತ್ತಾರೆ. ಇಲ್ಲದಿದ್ದರೆ ಅಳತೆ ತಂದು, ಮಾಡಿ, ಮುಂದಿನ ಭಾನುವಾರ ಕೂರಿಸುತ್ತಾರೆ. ಈವರೆಗೆ ಇನ್ನೂರಕ್ಕೆ ಹತ್ತಿರ ಕವರ್ ಆಗಿರಬಹುದು. ಶಾಲೆಯಲ್ಲಿ ಬಿಸಿಯೂಟ ಮಾಡುವ ಭೀಮಕ್ಕ ರಜೆಯ ದಿನ ಅಂಗಡಿಗೆಂದು ಅದೇ ನಿಲ್ದಾಣದ ಮುಂದೆ ಹಾಯ್ದು ಹೋಗುತ್ತಾರೆ. ಹನ್ನೊಂದು ವರ್ಷ ಈ ಕಡೆ ತಿರುಗಿ ನೋಡಿಲ್ಲ.

ಇಂದೂ ಭಾನುವಾರ. ಹೊತ್ತೇರುವಷ್ಟರಲ್ಲಿ ಸಂಜಯರ ಕವರ್ ಸಿದ್ಧವಾಗುತ್ತದೆ. ಮತ್ತೆ ಊದುಬತ್ತಿ, ಈಗ ನಾಲ್ಕೂ ಮೂಲೆಯ ಹೊಗೆ ಒಳಗೆ ನುಗ್ಗುತ್ತದೆ. ‘ಪರೀಕ್ಷಾ ಊರಾಗ ಬ್ಯಾಡ, ಏರಿನ್ಯಾಗ ಆಗ್ಲಿ’ ಎಂದು ಕಾಸಿಮಸಾಬ ಚೀಲ ಹಿಡಿದು ಕಾರು ಹತ್ತುತ್ತಾರೆ. ಮೂವರೂ ಜಾಂಬೋಟಿ ದಾಟಿ ಕಣಕುಂಬಿಯ ದಾರಿ ಹಿಡಿಯುತ್ತೇವೆ. ಏರು ಬಂದಾಗ ಅವರು ಸಂಜಯರಿಗೆ ಲಾರಿಯ ಹಿಂದೆಯೇ ತೆವಳಲು ಹೇಳುತ್ತಾರೆ. ಶಾಖದ ಮುಳ್ಳು ಅರ್ಧ ದಾಟಿ, ಒಂದು ಗೆರೆ ಮೇಲೇರಿ, ಅಲ್ಲೇ ನಿಲ್ಲುತ್ತದೆ. ಸಂಜಯರ ಮುಖ ಅರಳುತ್ತದೆ. ಕಾಸಿಮಸಾಬ ಮುಳ್ಳನ್ನಷ್ಟೇ ನೋಡುತ್ತಾರೆ. ಒಂದು ತಿರುವು ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ. ಯಾವ ತಿರುವು ಅದು ಎಂದು ನಾವು ಕೇಳುವುದಿಲ್ಲ.

ಮರಳಿ ಜಾಂಬೋಟಿಯ ನಿಲ್ದಾಣದಲ್ಲಿ ಇಳಿದಾಗ ಹೆಂಗಸೊಬ್ಬರು ರಸ್ತೆ ದಾಟಿ ನೇರ ನಮ್ಮ ಕಡೆ ಬರುತ್ತಾರೆ. ಕಾಸಿಮಸಾಬರ ಕೈಯಲ್ಲಿದ್ದ ನೀರಿನ ಬಾಟಲಿ ಹಾಗೇ ನಿಲ್ಲುತ್ತದೆ.

‘ನಾಗಲಿಂಗನ ಗಾಡಿ ನೋಡ್ರಿ’ ಎನ್ನುತ್ತಾರೆ ಭೀಮಕ್ಕ. ನಮಸ್ಕಾರವಿಲ್ಲ. ‘ಸೊಸಿ ಪ್ರಮಿಳಾ ಕಣಕುಂಬ್ಯಾಗ ತವರುಮನ್ಯಾಗ ಅದಾಳ. ದಿನ ತುಂಬ್ಯಾವ. ನೋವು ಬಂದ್ರ ಇವನ ಗಾಡಿನ ಗತಿ.’

ನಿಲ್ದಾಣದ ಜೀಪು ಚಾಲಕ ನಾಗಲಿಂಗ ಬಾನೆಟ್ ಎತ್ತುತ್ತಾನೆ. ಹೋದ ತಿಂಗಳಷ್ಟೇ ಕೊಂಡ ಹಳೆಯ ಜೀಪು. ಫ್ಯಾನ್ ಬೆತ್ತಲೆ ನಿಂತಿದೆ, ಕವರ್ ಇಲ್ಲ. ಕಾಸಿಮಸಾಬ ಚೀಲದಿಂದ ರಟ್ಟು ತೆಗೆದು ಅಳತೆ ಹಿಡಿಯುತ್ತಾರೆ. ಒಂದೊಂದು ಗೆರೆಯನ್ನೂ ಎರಡು ಬಾರಿ ಸರಿನೋಡುತ್ತಾರೆ.

‘ನಾಳೆ ಮಾಡಿ ತರ್ತೀನ್ರಿ.’

‘ನಾಳೆ ಬ್ಯಾಡ. ಇವತ್ತ ಆಗಬೇಕು.’

ಖಾನಾಪುರದಲ್ಲಿ ಕಾಸಿಮಸಾಬರಿಗೆ ಪರಿಚಯದ, ಕಿಟಕಿ ಗ್ರಿಲ್ ಮಾಡುವ ಅಂಗಡಿಯಿದೆ. ಜೀಪಿನಲ್ಲಿ ಭೀಮಕ್ಕ, ಹಿಂದೆ ನಾವು. ಭಾನುವಾರ ಮುಚ್ಚಿದ್ದ ಅಂಗಡಿಯ ಬಾಗಿಲು ತೆಗೆಸಿ ತಗಡು ಕತ್ತರಿಸುವ ಹೊತ್ತಿಗೆ ಬಿಸಿಲು ನೆತ್ತಿ ದಾಟಿದೆ. ಮೂರು ತಾಸು ಕೆಲಸ. ಭೀಮಕ್ಕ ಬಾಗಿಲಲ್ಲಿ ಸ್ಟೂಲ್ ಹಾಕಿಸಿಕೊಂಡು ಕೂತವರು ಏಳುವುದಿಲ್ಲ. ಸಂಜಯ ತಂದ ಚಹಾ ಆರುತ್ತದೆ. ಬೆಸುಗೆಯ ಹೊಗೆಗೆ ಕಾಸಿಮಸಾಬ ಗೋಡೆ ಹಿಡಿದು ಕೆಮ್ಮಿದಾಗ ಆಕೆ ಒಮ್ಮೆ ನೋಡಿ ಮುಖ ತಿರುಗಿಸುತ್ತಾರೆ.

ಕವರ್ ಕೂತ ಮೇಲೆ ಎದ್ದು ಬಂದು, ‘ತೋರಿಸ್ರಿ’ ಎನ್ನುತ್ತಾರೆ. ಕಾಸಿಮಸಾಬ ಊದುಬತ್ತಿಯನ್ನು ಆಕೆಯ ಕೈಗೇ ಕೊಡುತ್ತಾರೆ. ಭೀಮಕ್ಕ ಒಂದೊಂದು ಮೂಲೆಗೂ ಹಿಡಿದು ನೋಡುತ್ತಾರೆ, ಅವಸರವಿಲ್ಲದೆ. ಹೊಗೆ ಒಳಗೆ ಹೋಗುತ್ತದೆ. ನಾಲ್ಕನೆಯ ಮೂಲೆ ಮುಗಿದಾಗ, ‘ನನ್ನ ಮಗಳು ಹತ್ತಿದ ಜೀಪಿಗೂ ಇಷ್ಟ ಹೊತ್ತು ಸಾಕಿತ್ತು’ ಎನ್ನುತ್ತಾರೆ.

ಕಾಸಿಮಸಾಬ, ‘ಹೌದ್ರಿ, ಸಾಕಿತ್ತು’ ಎನ್ನುತ್ತಾರೆ. ಜೀಪು ಜಾಂಬೋಟಿಯ ಕಡೆ ಹೊರಡುವ ಮುನ್ನ ಭೀಮಕ್ಕ ನಾಗಲಿಂಗನಿಂದ ಕಾಗದದ ಚೂರಿನ ಮೇಲೆ ಕಾಸಿಮಸಾಬರ ಫೋನ್ ನಂಬರ್ ಬರೆಸಿಕೊಳ್ಳುತ್ತಾರೆ. ಕ್ಷಮಿಸಿದೆ ಎಂದು ಆಕೆ ಹೇಳಲಿಲ್ಲ. ಇವರು ಕೇಳಲೂ ಇಲ್ಲ.

ಇದನ್ನು ಬರೆಯುವ ಹೊತ್ತಿಗೆ ಆರು ದಿನವಾಗಿದೆ. ಕಣಕುಂಬಿಯಲ್ಲಿ ಮೊದಲ ಮಳೆ ಬಿದ್ದಿದೆಯಂತೆ. ಕಾಸಿಮಸಾಬರ ಎಡಗಿವಿ ಮಂದ. ಸುತ್ತಿಗೆಯ ಸದ್ದಿನಲ್ಲಿ ಫೋನ್ ಕೇಳಿಸದೆಂದು ನಸೀಬಾರ ಕೈಗೆ ಕೊಟ್ಟಿದ್ದಾರೆ. ಆಕೆ ಒಲೆಯ ಪಕ್ಕದಲ್ಲೂ ಅದನ್ನು ಇಟ್ಟುಕೊಂಡೇ ಕೆಲಸ ಮಾಡುತ್ತಾರೆ.

‘ಫೋನ್ ಬಂದ್ರ ಗಂಡೋ ಹೆಣ್ಣೋ ಅಂತ ನಾ ಕೇಳಾಂಗಿಲ್ರಿ’ ಎನ್ನುತ್ತಾರೆ ಕಾಸಿಮಸಾಬ. ‘ದಾರ್‍ಯಾಗ ಗಾಡಿ ಎಲ್ಲೂ ನಿಲ್ಲಲಿಲ್ಲ ಹೌದಲ್ಲ, ಅಷ್ಟ ಕೇಳ್ತೀನಿ.’