ಅಜ್ಜನ ಹಾಗೆ ವಾಲಿದ ಕುತ್ತಿಗೆ

ಹೆರಿಗೆಯಾದ ಮೂರನೆಯ ವಾರದ ಬುಧವಾರ. ಎಣ್ಣೆ ಹಚ್ಚುತ್ತಿದ್ದ ಅವ್ವನ ಕೈ ಮಗಳು ಸಿರಿಯ ಕುತ್ತಿಗೆಯ ಬಲಬದಿಯಲ್ಲಿ ನಿಂತಿತು.

"ಇಲ್ಲೊಂದು ಗಂಟೈತಿ ನೋಡು. ಹುಣಸಿ ಬೀಜದಷ್ಟು."

ಮುಟ್ಟಿದೆ. ಗಟ್ಟಿಯಾಗಿತ್ತು. ಮಗು ಅಳಲಿಲ್ಲ.

"ಹಾಲಿನ ಗಂಟು. ತಿಕ್ಕಿದ್ರ ಕರಗತೈತಿ," ಎಂದಳು ಅವ್ವ. ಚೊಚ್ಚಲ ಹೆರಿಗೆಗೆ ತೆಲಿಗಿಯ ತವರಿಗೆ ಬಂದಿದ್ದೆ. ಬಾಣಂತನದಲ್ಲಿ ಅವ್ವನ ಮಾತೇ ಕೊನೆಯದು.

ತಾರೀಖು ಹಾಕಿ ಬರೆದಿಡುವ ಅಭ್ಯಾಸ ನನಗೆ ಕಾಲೇಜಿನ ದಿನಗಳಿಂದ ಇದೆ. ಮಗು ಕುಡಿದದ್ದು, ಮಲಗಿದ್ದು, ಎಲ್ಲ ಬರೆಯುತ್ತಿದ್ದೆ. ಎಡ ಎದೆಗೆ ಹಾಕಿದರೆ ಸಿರಿ ಮುಖ ತಿರುಗಿಸಿ ಕಿರುಚುತ್ತಿದ್ದಳು. ಆ ಕಡೆ ಹಾಲು ಕಡಿಮೆ ಇರಬೇಕೆಂದು ಬೆಳ್ಳುಳ್ಳಿ ಹೆಚ್ಚು ತಿಂದೆ. ತೊಟ್ಟಿಲಲ್ಲಿ ಯಾವಾಗಲೂ ಎಡಕ್ಕೇ ನೋಡುತ್ತಿದ್ದಳು. ಬಾಗಿಲು ಆ ಕಡೆ ಇತ್ತು, ಬೆಳಕು ನೋಡುತ್ತಾಳೆ ಎಂದುಕೊಂಡೆವು.

ಪ್ರತಿಯೊಂದಕ್ಕೂ ನಮ್ಮ ಬಳಿ ಒಂದು ಉತ್ತರವಿತ್ತು.

ತೊಟ್ಟಿಲಿಗೆ ಹಾಕುವ ದಿನ ಗಂಡನ ಊರು ಹಡಗಲಿಯಿಂದ ಮಾವ ಬಂದರು. ಅವರದು ಮಲ್ಲಿಗೆ ವ್ಯಾಪಾರ. ಅವರ ತಲೆ ಸದಾ ಬಲಭುಜದತ್ತ ವಾಲಿರುತ್ತದೆ. ಎಡಹೆಗಲ ಮೇಲೆ ಹೂವಿನ ಬುಟ್ಟಿ ಹೊತ್ತು ಹೊತ್ತು ಹಾಗಾಯಿತೆಂದು ಅವರೇ ನಗುತ್ತ ಹೇಳುತ್ತಿದ್ದರು. ಮಗುವನ್ನು ತೋಳಲ್ಲಿ ಎತ್ತಿಕೊಂಡರು. ಎರಡು ತಲೆಗಳೂ ಒಂದೇ ಥರ ವಾಲಿದ್ದವು.

"ಬೀಗ್ರ, ಅಚ್ಚು ಹಾಕಿದಂಗ ಅದಾಳ ನೋಡ್ರಿ! ಬುಟ್ಟಿ ಹೊರಾಕ ತಯಾರಾಗೇ ಬಂದಾಳ," ಎಂದಳು ಅವ್ವ.

"ಮತ್ತೇನ್ರಿ, ನಮ್ಮ ಮನಿ ಸಹಿ ಅದು," ಎಂದು ಮಾವ ಮೀಸೆ ತಿರುವಿದರು.

ಮನೆ ತುಂಬ ನಗೆ. ನಾನೂ ನಕ್ಕೆ.

ಆರು ವಾರದ ಇಂಜೆಕ್ಷನ್ನಿಗೆ ಹರಪನಹಳ್ಳಿಗೆ ಹೋಗಬೇಕಿತ್ತು. ಗಂಡನಿಗೆ ರಜೆ ಸಿಗಲಿಲ್ಲ, ಮಾವ ಜೊತೆಗೆ ಬಂದರು. ಡಾಕ್ಟರ್ ಮಗುವಿನ ಮುಖದ ಮುಂದೆ ಟಾರ್ಚ್ ಹಿಡಿದು ನಿಧಾನವಾಗಿ ಬಲಕ್ಕೆ ಸರಿಸಿದರು. ಕಣ್ಣು ಬೆಳಕಿನ ಹಿಂದೆ ಹೋಯಿತು. ತಲೆ ಹೋಗಲಿಲ್ಲ. ಆಮೇಲೆ ಬೆರಳಿನಿಂದ ಗಂಟನ್ನು ಹುಡುಕಿದರು.

"ಇದನ್ನ ತಿಕ್ಕೀರೇನ್ರಿ?"

"ದಿನಾ ತಿಕ್ಕತೀವ್ರಿ," ಎಂದೆ.

"ಇವತ್ತಿಗೇ ನಿಲ್ಲಸ್ರಿ. ಇದು ಟಾರ್ಟಿಕೊಲಿಸ್. ಕುತ್ತಿಗಿ ಬಲಗಡಿ ಮಸಲ್ ಬಿಗಿದು ಗಿಡ್ಡ ಆಗೈತಿ. ಅದಕ್ಕ ತಲಿ ಬಲಕ್ಕ ವಾಲತೈತಿ, ಗದ್ದ ಎಡಕ್ಕ ತಿರಗತೈತಿ. ಎಡಗಡಿ ಎದಿ ಕುಡೀಬೇಕಂದ್ರ ತಲಿ ಬಲಕ್ಕ ತಿರಗಬೇಕು, ಅದನ್ನ ಒಲ್ಲೆ ಅಂತಾಳೇನು?"

ಹೌದೆಂದು ತಲೆಯಾಡಿಸಿದೆ. ಇವರಿಗೆ ಹೇಗೆ ಗೊತ್ತು?

ಹಾಗೇ ಬಿಟ್ಟರೆ ಏನಾಗುತ್ತದೆ ಎಂದು ಕೇಳಿದೆ. ತಲೆಯ ಹಿಂಭಾಗ ಒಂದು ಕಡೆ ಚಪ್ಪಟೆಯಾಗಬಹುದು, ಮುಖದ ಒಂದು ಬದಿ ಸರಿಯಾಗಿ ಬೆಳೆಯದೆ ಉಳಿಯಬಹುದು ಎನ್ನುತ್ತಲೇ ಡಾಕ್ಟರ್ ತಲೆಯೆತ್ತಿದರು. ಅವರ ನೋಟ ನನ್ನ ಹಿಂದೆ ನಿಂತಿದ್ದ ಮಾವನವರ ಮೇಲೆ ನಿಂತಿತು.

ನಾನೂ ತಿರುಗಿದೆ. ಮದುವೆಯಾದಾಗಿನಿಂದ ದಿನವೂ ಎದುರಿಗೆ ಕೂರಿಸಿ ಊಟ ಬಡಿಸಿದ ಮುಖ. ಬಲಗೆನ್ನೆ ಎಡಗೆನ್ನೆಗಿಂತ ಸಣ್ಣದು. ಬಲಗಣ್ಣು ಕೊಂಚ ಕೆಳಗೆ.

ಇಷ್ಟು ದಿನ ನನಗದು ಕಂಡೇ ಇರಲಿಲ್ಲ.

"ಯಜಮಾನ್ರ, ನಿಮಗ ಯಾವಾಗಿಂದ ಐತ್ರಿ ಹಿಂಗ?"

ಮಾವ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಬುಟ್ಟಿ ಮಾತು ಸುಳ್ರಿ. ಹುಟ್ಟಿದಾಗಿಂದ ಐತಿ. ಸಾಲ್ಯಾಗ ಹುಡುಗ್ರು ಸೊಟ್ಟ್ಯಾ ಅಂತಿದ್ರು. ಬುಟ್ಟಿ ಹೊತ್ತು ಹಿಂಗಾತು ಅಂದ್ರ ಮಂದಿ ಗೌರವ ಕೊಡ್ತಾರ." ನಂತರ ನನ್ನತ್ತ ನೋಡಿದರು. "ನನ್ನಂಗ ಅದಾಳ ಅಂತ ಕುಣಿದಾಡಿದ್ನಲ್ಲವ್ವಾ."

ಡಾಕ್ಟರ್ ಹೇಳಿದರು: "ನಿಮ್ಮಿಂದ ಬಂತು ಅನ್ಕೋಬ್ಯಾಡ್ರಿ. ಇದು ಸಾಮಾನ್ಯವಾಗಿ ವಂಶದಾಗ ಬರಂಗಿಲ್ಲ. ಈಕೀದು ಬೇಗ ಸಿಕ್ಕೈತಿ. ದಾವಣಗೆರಿಗೆ ಹೋಗಿ ಸ್ಕ್ಯಾನ್ ಮಾಡಿಸಿ ಫಿಸಿಯೋಥೆರಪಿ ಶುರು ಮಾಡ್ರಿ. ಭಾಳ ಮಕ್ಕಳು ಅದರಾಗ ಸರಿಹೋಗ್ತಾವ."

ದಾವಣಗೆರೆಯಲ್ಲಿ ಸ್ಕ್ಯಾನ್ ಅದನ್ನೇ ಹೇಳಿತು. ಫಿಸಿಯೋಥೆರಪಿಸ್ಟ್ ಸಿರಿಯ ಭುಜ ಒತ್ತಿ ಹಿಡಿದು ತಲೆಯನ್ನು ಮೆಲ್ಲಗೆ ತಿರುಗಿಸಿದಾಗ ಅವಳು ಕೆಂಪಗಾಗಿ ಅತ್ತಳು. ಮರುದಿನದಿಂದ ಅದನ್ನು ಮಾಡುವ ಕೈ ನನ್ನದಾಗಬೇಕಿತ್ತು.

"ಹಸಿಗೂಸಿನ ಕುತ್ತಿಗಿ ತಿರುವು ಅಂತಾರಲ್ಲ, ಅವರನ್ನ ತಾಯಿ ಹಡದಾಳೋ ಇಲ್ಲೋ?" ಎಂದು ಅವ್ವ ಒಳಗಿನಿಂದ ಬೈಯುತ್ತಿದ್ದಳು. ಆದರೂ ತಿಕ್ಕುವುದನ್ನು ಬಿಟ್ಟಳು. ಸಿರಿ ಬೆಳಕಿಗಾಗಿ ಬಲಕ್ಕೆ ತಿರುಗಲೆಂದು ತೊಟ್ಟಿಲಲ್ಲಿ ಅವಳ ತಲೆಗಿಂಬಿನ ದಿಕ್ಕನ್ನು ತಾನೇ ಬದಲಿಸಿದಳು. ಎಚ್ಚರವಿದ್ದಾಗ ಬೋರಲು ಮಲಗಿಸಿ ಕಾವಲು ಕೂತಳು.

ಮಾವ ಭಾನುವಾರ ತಪ್ಪದೆ ಬರುತ್ತಾರೆ. ಸಿರಿಯ ಬಲಕ್ಕೆ ಕೂತು ನಾಲಿಗೆಯಿಂದ ಟಕ್ ಟಕ್ ಎನ್ನುತ್ತಾರೆ.

ಈಗ ನಾಲ್ಕನೆಯ ತಿಂಗಳು. ಗಂಟು ಕೈಗೆ ಸರಿಯಾಗಿ ಸಿಗುತ್ತಿಲ್ಲ. ತಲೆ ಇನ್ನೂ ಸ್ವಲ್ಪ ವಾಲುತ್ತದೆ. ಪೂರ್ತಿ ಸರಿಹೋಗುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ, ನಾನೂ ಕೇಳುವುದನ್ನು ಬಿಟ್ಟಿದ್ದೇನೆ.

ಕಳೆದ ಭಾನುವಾರ ಮಾವ ಟಕ್ ಎಂದಾಗ ಸಿರಿಯ ಕಣ್ಣು ಬಲಕ್ಕೆ ಹೋಯಿತು. ಹಿಂದೆಯೇ ತಲೆಯೂ ಹೋಯಿತು, ಗದ್ದ ಭುಜದವರೆಗೂ. ಅವರ ಮುಖವನ್ನು ಪೂರ್ತಿ ನೋಡಿ ಬೊಚ್ಚುಬಾಯಿ ತೆರೆದು ನಕ್ಕಳು.

"ನೋಡು, ಆದ್ರ ನನ್ನ ನೋಡಿ ಕಲೀಬ್ಯಾಡ," ಎಂದರು ಮಾವ.

ಮರುಕ್ಷಣ ಅವಳ ಗದ್ದ ಎಡಕ್ಕೆ ಜಾರಿತು. ಮಾವ ಮತ್ತೆ ಕರೆದರು.