ತಾನಾಗೇ ಮುಚ್ಚುವ ಪಿಸ್ತೂಲು

ನಮ್ಮ ಯಜಮಾನರು ಜೀವಮಾನದಲ್ಲಿ ಹೊಟ್ಟೆಕಿಚ್ಚು ಪಟ್ಟದ್ದು ಒಬ್ಬನ ಮೇಲೆ ಮಾತ್ರ, ಅದೂ ಒಡಹುಟ್ಟಿದ ತಮ್ಮನ ಮೇಲೆ. ನಾನೂ ಹಿಂದೆ ಬಿದ್ದವಳಲ್ಲ. ಅವರಿಗೆ ತಮ್ಮನಾದರೆ ನನಗೆ ತಮ್ಮನ ಹೆಂಡತಿ. ಮನೆ ಒಂದೇ, ನಡುವೆ ಒಂದು ಗೋಡೆ. ಆಚೆ ಕಡೆ ಯಾರಾದರೂ ನಕ್ಕರೆ ಈಚೆ ನಮ್ಮಿಬ್ಬರ ಮುಖ ಹುಳ್ಳಗಾಗುತ್ತಿತ್ತು.

ಅಣ್ಣತಮ್ಮಂದಿರಿಬ್ಬರೂ ಬ್ಯಾಂಕುಗಳ ಹಣ ಇಡುವ ಗೋದಾಮಿನಲ್ಲಿ ಗಾರ್ಡ್ ಕೆಲಸದವರು. ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಕಬ್ಬಿಣದ ಗೇಟಿನ ಬಳಿ ದಿನವಿಡೀ ನಿಲ್ಲಬೇಕು. ಕೂರುವ ಹಾಗಿಲ್ಲ, ಒರಗುವ ಹಾಗಿಲ್ಲ. ಯಜಮಾನರ ಕಾಲಿನ ನರಗಳು ಹಗ್ಗದಂತೆ ಉಬ್ಬಿ ನೀಲಿಯಾಗಿದ್ದವು. ಮನೆಗೆ ಬಂದು ಬಕೆಟ್ಟಿನ ಬಿಸಿನೀರಿಗೆ ಕಾಲಿಟ್ಟ ಮೇಲೆ "ಅಬ್ಬಾ" ಅನ್ನುವುದಕ್ಕೂ ಅವರಿಗೆ ಸಮಯ ಹಿಡಿಯುತ್ತಿತ್ತು. ಎಲ್ಲದರಲ್ಲೂ ಅಷ್ಟೆ. ಜೊತೆಯವರು 'ನಿಧಾನಪ್ಪ' ಎಂದೇ ಕರೆಯುತ್ತಿದ್ದರು. ಅವರು ಶೂ ಲೇಸು ಕಟ್ಟುವುದನ್ನು ನೋಡುತ್ತ ಕೂತರೆ ಆಕಳಿಕೆ ಬರಬೇಕು. ಆದರೆ ಕಟ್ಟಿದ ಗಂಟು ಬಿಚ್ಚಿಕೊಂಡದ್ದನ್ನು ನಾನು ಕಂಡಿಲ್ಲ.

ಮೈದುನನದು ಅರಳು ಹುರಿದಂಥ ಮಾತು, ಅಂಥದ್ದೇ ಕೈ. ಅವನಿಗೆ 'ಚಟಾಕಿ' ಎಂಬ ಹೆಸರು ಬಂದದ್ದು ಅವನ ಪಿಸ್ತೂಲಿನಿಂದ. ಯಜಮಾನರು ನನಗೆ ಬೆಂಕಿಪೊಟ್ಟಣ ಹಿಡಿದು ಅದನ್ನು ತೋರಿಸಿಕೊಟ್ಟಿದ್ದರು. ಗುಂಡೆಲ್ಲ ಮುಗಿದಾಗ ಪಿಸ್ತೂಲಿನ ಮೇಲ್ಭಾಗ ಹಿಂದಕ್ಕೆ ಸರಿದು ಬಾಯಿ ತೆರೆದುಕೊಂಡು ನಿಲ್ಲುತ್ತದೆ. ಅದಕ್ಕೆ ಸ್ಲೈಡ್ ಅನ್ನುತ್ತಾರೆ. ಒಂದು ಪುಟ್ಟ ಕೊಕ್ಕೆ ಅದನ್ನು ಹಿಡಿದಿರುತ್ತದೆ. ಗುಂಡು ತುಂಬಿದ ಉದ್ದನೆಯ ಡಬ್ಬಿಯನ್ನು, ಅಂದರೆ ಮ್ಯಾಗಜಿನ್ ಅನ್ನು, ಕೆಳಗಿನಿಂದ ಹಿಡಿಕೆಯೊಳಗೆ ಸೇರಿಸಿ, ಸ್ಲೈಡನ್ನು ಕೈಯಲ್ಲಿ ಹಿಂದಕ್ಕೆಳೆದು ಬಿಟ್ಟರೆ ಅದು ಮುಂದೆ ಹೋಗಿ ಮುಚ್ಚಿಕೊಳ್ಳುತ್ತದೆ. ಹೋಗುವಾಗ ಒಂದು ಗುಂಡನ್ನು ನಳಿಗೆಗೆ ತಳ್ಳುತ್ತದೆ. ಎಲ್ಲರೂ ಮಾಡುವುದು ಹೀಗೆ. ಮೈದುನ ಮಾತ್ರ ಮ್ಯಾಗಜಿನ್ನಿನ ತಳಕ್ಕೆ ಅಂಗೈಯಲ್ಲಿ ಚಟ್ಟನೆ ಒಂದೇಟು ಕೊಟ್ಟರೆ ಸಾಕು, ಸ್ಲೈಡು ತಾನಾಗೇ ಮುಚ್ಚಿಕೊಳ್ಳುತ್ತಿತ್ತು. ಎಳೆಯುವ ತಾಪತ್ರಯವೇ ಇಲ್ಲ. ಗಾರ್ಡುಗಳೆಲ್ಲ ಬಾಯಿಬಿಟ್ಟುಕೊಂಡು ನೋಡುತ್ತಿದ್ದರಂತೆ.

ಬಟ್ಟೆ ಒಣಹಾಕುವಾಗ ನನ್ನ ಓರಗಿತ್ತಿ ಬೇಕೆಂದೇ ಆ ಮಾತು ತೆಗೆಯುತ್ತಿದ್ದಳು.

"ಅಕ್ಕಾ, ಇವರ ಕೈ ತಾಗಿದ್ರೆ ಸಾಕಂತೆ. ಪಿಸ್ತೂಲೇ ಹೇಳಿದ ಮಾತು ಕೇಳುತ್ತಂತೆ!"

"ಹೌದೇನೇ? ನಿಮ್ಮ ಬಚ್ಚಲ ನಲ್ಲಿ ಸೋರ್ತಾ ಇದೆಯಲ್ಲ, ಅದಕ್ಕೂ ಒಂದ್ಸಲ ಕೈ ತಾಗಿಸೋಕೆ ಹೇಳು."

ಹೀಗಂದು ಒಳಗೆ ಬರುತ್ತಿದ್ದೆ. ಬಂದು ಪಾತ್ರೆಗಳನ್ನು ಕುಕ್ಕುತ್ತಿದ್ದೆ.

ಅಷ್ಟರಲ್ಲಿ ಗಾರ್ಡುಗಳಿಗೆ ಗುರಿ ಕಲಿಸುವ ಮೇಷ್ಟ್ರು ನಿವೃತ್ತಿಯಾಗುವ ಕಾಲ ಬಂತು. ಆ ಜಾಗಕ್ಕೆ ಅಣ್ಣ ಅಥವಾ ತಮ್ಮ, ಇಬ್ಬರಲ್ಲಿ ಒಬ್ಬರು ಎಂದು ಸಾಹೇಬರು ಹೇಳಿದರು. ಸಂಬಳದ ಮಾತು ನಮ್ಮ ಮನೆಯಲ್ಲಿ ಬರಲೇ ಇಲ್ಲ. ಮೇಷ್ಟ್ರಿಗೆ ಒಂದು ಕುರ್ಚಿ ಇತ್ತು, ಕೈಯಿರುವ ಬೆತ್ತದ ಕುರ್ಚಿ. ಯಜಮಾನರು ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಆ ಕುರ್ಚಿಯ ಬಗ್ಗೆ ಮಾತಾಡುತ್ತಿದ್ದರು, ಗಂಡಸರು ಹೊಲಮನೆ ಬಗ್ಗೆ ಮಾತಾಡುವ ಹಾಗೆ.

ಗುಂಡು ತುಂಬಿ ಗುರಿ ಹೊಡೆಯುವ ಪರೀಕ್ಷೆ ಇಡುತ್ತಾರೆ ಅಂತ ಗೊತ್ತಾದದ್ದೇ ತಡ, ಪಕ್ಕದ ಬಡಗಿಯ ಹತ್ತಿರ ಪಿಸ್ತೂಲಿನ ಹಿಡಿಕೆಯಷ್ಟು ದಪ್ಪದ ಮರದ ತುಂಡು ಕೊಯ್ಯಿಸಿ ತಂದರು. ಕೂತು ಅದರ ತಳಕ್ಕೆ ಚಟ್ ಚಟ್ ಎಂದು ಹೊಡೆಯುವುದು. ಅಂಗೈ ಬಾತುಕೊಂಡಿತು.

"ಕೈಯೇನು ಬಾಡಿಗೆಗೆ ತಂದದ್ದೇನ್ರೀ? ನಿಮ್ಮ ಪದ್ಧತೀಲೇ ಎಳೆದು ಬಿಡಿ," ಎಂದೆ, ಬಿಸಿಬಟ್ಟೆ ಒತ್ತುತ್ತ.

"ಅವನ ಕೈಲಿ ಆಗೋದು ನನ್ನ ಕೈಲಿ ಯಾಕೆ ಆಗಲ್ಲ?"

ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಾಗಿತ್ತು. ಓರಗಿತ್ತಿಯ ಬಾಯಿ ಮುಚ್ಚಬೇಕಿತ್ತು.

ಪರೀಕ್ಷೆಯ ದಿನ ಯಜಮಾನರು ಎಲ್ಲರಿಗಿಂತ ಮೊದಲೇ ಹೋಗಿ ಆಯುಧದ ಕೋಣೆಯ ಕಿಟಕಿಯಲ್ಲಿ ನಿಂತರಂತೆ. ಅಲ್ಲಿ ನಡೆದದ್ದನ್ನು ಆಮೇಲೆ ಅವರೇ ನನಗೆ ಹೇಳಿದರು.

"ನನ್ನ ತಮ್ಮನ ಪಿಸ್ತೂಲು ಕೊಡು ಇವತ್ತು."

"ಅದಾ? ಅದರ ಕೊಕ್ಕೆ ಸವೆದು ಹೋಗಿದೆ ಮಾರಾಯಾ," ಎಂದನಂತೆ ಕೋಣೆಯವನು. "ಏಟು ಬಿದ್ರೆ ಜಾರುತ್ತೆ, ಅದಕ್ಕೇ ತಾನಾಗೇ ಮುಚ್ಚೋದು. ರಿಪೇರಿಗೆ ಕಳಿಸೋಣ ಅಂದ್ರೆ ನಿನ್ನ ತಮ್ಮ ಬಿಡಲ್ಲ."

ಅಂದರೆ ಅದು ತಮ್ಮನ ಕೈಗುಣವಲ್ಲ, ಪಿಸ್ತೂಲಿನ ರೋಗ. ಇಷ್ಟು ಕೇಳಿದ ಮೇಲೆ ಬೇರೆ ಯಾರಾದರೂ ತಾವು ದಿನಾ ಹಿಡಿಯುವ ಪಿಸ್ತೂಲನ್ನೇ ತೆಗೆದುಕೊಂಡು ನಗುತ್ತ ಹೋಗುತ್ತಿದ್ದರು. ಇವರು "ಅದೇ ಬೇಕು" ಎಂದರು. ಹೊಟ್ಟೆಕಿಚ್ಚಿಗೆ ಕಣ್ಣು ಮಾತ್ರವಲ್ಲ, ಕಿವಿಯೂ ಇರುವುದಿಲ್ಲ. ಹಿಂದೆ ಬಂದ ತಮ್ಮನಿಗೆ ಇವರ ಪಿಸ್ತೂಲು ಸಿಕ್ಕಿತು.

ಆ ದಿನ ಹಳೆಯ ಮೇಷ್ಟ್ರ ಬೀಳ್ಕೊಡುಗೆಯೂ ಇದ್ದುದರಿಂದ ಮನೆಯವರನ್ನೆಲ್ಲ ಕರೆದಿದ್ದರು. ತಂತಿಬೇಲಿಯ ಈಚೆ ನಾನು, ಪಕ್ಕದಲ್ಲಿ ಓರಗಿತ್ತಿ. ಮೊದಲು ಯಜಮಾನರು. ಇದ್ದ ಗುಂಡು ಮುಗಿಸಿದರು, ಎಲ್ಲವೂ ಗುರಿಗೇ. ಹೊಸ ಮ್ಯಾಗಜಿನ್ ಸೇರಿಸಿ ಚಟ್ಟನೆ ಹೊಡೆದರು. ಸ್ಲೈಡು ತಾನಾಗೇ ಮುಚ್ಚಿತು. "ಓಹೋ!" ಎಂದರು ಜನ. ನಾನು ಓರಗಿತ್ತಿಯ ಮುಖ ನೋಡಿದೆ. ಹಾ, ಆ ಮುಖ!

ಆಮೇಲೆ ಅವರು ಗುಂಡು ಹಾರಿಸಹೋದಾಗ ಕೇಳಿಸಿದ್ದು 'ಟಿಕ್' ಅಂತ ಒಂದು ಸದ್ದು, ಬೀಗದ ಕೈ ತಿರುಗಿಸಿದಷ್ಟೇ. ಮ್ಯಾಗಜಿನ್ ಸರಿಯಾಗಿ ಕೂರುವ ಮೊದಲೇ ಸ್ಲೈಡು ಮುಚ್ಚಿಬಿಟ್ಟಿತ್ತು. ಗುಂಡು ನಳಿಗೆಗೆ ಹೋಗಿರಲಿಲ್ಲ. ಯಜಮಾನರು ಮ್ಯಾಗಜಿನ್ ಒತ್ತಿ ಕೂರಿಸಿ, ಸ್ಲೈಡ್ ಎಳೆದು ಬಿಟ್ಟು ಮತ್ತೆ ಹೊಡೆದರು. ಆದರೆ ಈ ಸಲ ಅವಸರಪಟ್ಟರು. ಗುಂಡೆಲ್ಲ ಹಿಂದಿನ ಮಣ್ಣಿನ ದಿಬ್ಬಕ್ಕೆ.

ಮೈದುನನ ಸರದಿ. ಅವನೂ ಇದ್ದ ಗುಂಡು ಮುಗಿಸಿ, ಹೊಸ ಮ್ಯಾಗಜಿನ್ ಸೇರಿಸಿ ಚಟ್ಟನೆ ಹೊಡೆದ. ಅಣ್ಣನ ಗಟ್ಟಿ ಪಿಸ್ತೂಲು ಬಾಯಿ ಮುಚ್ಚಲಿಲ್ಲ. ಮತ್ತೆ ಹೊಡೆದ, ಮತ್ತೂ ಹೊಡೆದ. ಎಳೆಯುವ ಅಭ್ಯಾಸವೇ ತಪ್ಪಿಹೋಗಿತ್ತು ಮಹರಾಯನಿಗೆ. ಕಂಗಾಲಾಗಿ, ಪಿಸ್ತೂಲು ಹಿಡಿದುಕೊಂಡೇ ಜನರ ಕಡೆಗೆ ತಿರುಗಹೊರಟ.

"ತಿರುಗಬೇಡ್ವೋ! ಮೂತಿ ಮುಂದಕ್ಕೆ! ಹಿಂದಕ್ಕೆಳೆದು ಬಿಡು!"

ಕೂಗಿದವರು ಯಜಮಾನರು. ನಾನು ಮದುವೆಯಾದ ಮೇಲೆ ಅವರು ಅಷ್ಟು ಬೇಗ ಮಾತಾಡಿದ್ದು ಅದೊಂದೇ ಸಲ. ತಮ್ಮ ಹಾಗೇ ಮಾಡಿದ. ಗುಂಡುಗಳು ಗುರಿಯ ನಡುವಿಗೇ ಹೋಗಿ ಬಿದ್ದವು. ಗುರಿ ಚೆನ್ನಾಗಿದೆ ಎಂದು ಸಾಹೇಬರು ಅವನನ್ನೇ ಮೇಷ್ಟ್ರು ಮಾಡಿದರು.

"ಬಾಯಿ ಮುಚ್ಚಿಕೊಂಡಿರಬಾರದಿತ್ತೇ?" ಎಂದು ದಾರಿಯುದ್ದಕ್ಕೂ ಜಗಳವಾಡಿದೆ.

"ತಮ್ಮ ಕಣೇ," ಎಂದರು. ಅಷ್ಟೇ.

ಪಿಸ್ತೂಲು ರಿಪೇರಿಗೆ ಹೋಯಿತು. ಯಜಮಾನರು ಕೊನೆವರೆಗೂ ಗೇಟಿನಲ್ಲೇ ನಿಂತರು. ಮೈದುನ ನಿವೃತ್ತಿಯಾದಾಗ ಗೋದಾಮಿನವರು ಆ ಕುರ್ಚಿಯನ್ನು ಅವನಿಗೇ ಕೊಟ್ಟು ಕಳಿಸಿದರು, ಮನೆಗೆ ತಂದ. ಯಜಮಾನರು ಆಚೆ ಮನೆಗೆ ಹೋದಾಗಲೆಲ್ಲ "ಕೂತ್ಕೋ ಅಣ್ಣಾ" ಎಂದು ಎದ್ದು ನಿಲ್ಲುತ್ತಿದ್ದ. ಇವರು ಗೋಡೆ ಹಿಡಿದು ನಿಂತೇ ಹೇಳುತ್ತಿದ್ದರು: "ನಿನ್ನ ಪಿಸ್ತೂಲು ತಗೊಂಡೇ ಕೆಟ್ಟೆ, ಇನ್ನು ಕುರ್ಚಿ ಬೇರೆ ಬೇಕಾ?" ಇಬ್ಬರೂ ನಗುತ್ತಿದ್ದರು. ತಮ್ಮನ ನಗು ಬೇಗ ಮುಗಿಯುತ್ತಿತ್ತು.

ಈಗ ಇಬ್ಬರೂ ಇಲ್ಲ. ಕುರ್ಚಿ ಇದೆ, ಓರಗಿತ್ತಿ ಇದ್ದಾಳೆ. ಮೊನ್ನೆ ಹೋದಾಗ ಸೆರಗಿನಿಂದ ಧೂಳು ಒರೆಸಿ, "ಕೂತ್ಕೋ ಅಕ್ಕಾ, ಕಾಲು ನೋಯುತ್ತೆ" ಎಂದಳು.

"ನನ್ನ ಕಾಲು ಗಟ್ಟಿಯಾಗೇ ಇದೆ ಬಿಡು," ಎಂದೆ.

ಗಟ್ಟಿಯೇನೂ ಇಲ್ಲ. ಆದರೂ ಹೊರಡುವವರೆಗೆ ನಿಂತೇ ಇದ್ದೆ.