ಎರಡು ಮಂಟಪ, ಒಂದು ಸಾವಧಾನ

ನಮ್ಮ ಅಡುಗೆಮನೆಗೂ ಪಾವರ್‌ಲೂಮ್ ಶೆಡ್ಡಿಗೂ ನಡುವೆ ಇರುವುದು ಒಂದೇ ಗೋಡೆ. ಆಚೆ ಆರು ಮಗ್ಗಗಳು ಒಟ್ಟಿಗೇ ಖಟಾಖಟ್ ಎಂದು ಜಗಳಕ್ಕೆ ನಿಂತಿರುವಾಗ ಈಚೆ ಅಪ್ಪ ರೊಟ್ಟಿ ಮುರಿಯುತ್ತಿರುತ್ತಾನೆ. ತುತ್ತನ್ನು ಅರ್ಧಕ್ಕೇ ನಿಲ್ಲಿಸಿ, "ನಾಕನೇದ್ರಾಗ ಎಳಿ ಕಡದೈತಿ, ನೋಡಲೇ" ಅನ್ನುತ್ತಾನೆ. ಹೋಗಿ ನೋಡಿದರೆ ಕಡಿದೇ ಇರುತ್ತದೆ. ಉಳಿದ ಐದರ ಗದ್ದಲವನ್ನು ಅವನು ಅಡಗಿಸುವುದಿಲ್ಲ, ಶಪಿಸುವುದೂ ಇಲ್ಲ. ಗೊತ್ತಿರುವ ತಾಳವೊಂದನ್ನು ಒಳಗೇ ಹಿಡಿದುಕೊಂಡು, ಹೊರಗಿನದು ಅದಕ್ಕೆ ಎಲ್ಲಿ ಕೂಡುತ್ತದೆ, ಎಲ್ಲಿ ತಪ್ಪುತ್ತದೆ ಎಂದು ಕಾಯುತ್ತಾನೆ. ಅದೇ ಕಿವಿಗೆ ಅವ್ವ ಎದುರಿಗೇ ನಿಂತು ಮೂರು ಸಲ ಸಂತೆಗೆ ಹೋಗೆಂದದ್ದು ಮಾತ್ರ ಕೇಳಿಸುವುದಿಲ್ಲ. ಆ ಕಿವುಡನ್ನು ನಾನು ಅಣಕಿಸಿ ತೋರಿಸಿದರೆ ಥಟ್ಟನೆ ಕೇಳಿಸುತ್ತದೆ, ಕೈಗೆ ಚಪ್ಪಲಿಯೂ ಬರುತ್ತದೆ.

ಅಣಕಿಸುವುದೊಂದೇ ನನ್ನ ವಿದ್ಯೆ, ಓದುಗ ಗೆಳೆಯರೇ. ಅದರಲ್ಲೂ ನಮ್ಮ ಮನೆತನದ ಭಟ್ಟರನ್ನು. ಮದುವೆಯ ಮಂಗಲಾಷ್ಟಕದಲ್ಲಿ ಪ್ರತಿ ಪದ್ಯದ ತುದಿಗೆ ಅವರು "ಸಾ…ವಧಾ…ನ" ಎಂದು ಎಳೆಯುವಷ್ಟರಲ್ಲಿ ನೀವು ಪಕ್ಕದೂರು ಚಿಮ್ಮಡಕ್ಕೆ ಹೋಗಿ ಚಹಾ ಕುಡಿದು ಬರಬಹುದು. ಅವರ ಉಸಿರು ಎಲ್ಲಿ ಮುಗಿಯುತ್ತದೆ, ಮೂಗು ಎಲ್ಲಿ ಶುರುವಾಗುತ್ತದೆ ಎಂಬುದೆಲ್ಲ ನನಗೆ ಸಾಲೆಗೆ ಹೋಗುವಾಗಿನಿಂದಲೇ ಬಾಯಿಪಾಠ.

ಹೋದ ಬೇಸಿಗೆಯಲ್ಲಿ ಅಕ್ಕನ ಮದುವೆ. ಒಂದೇ ನಡುಗೋಡೆಯ ಆಚೆ, ಪಕ್ಕದ ಮಂಗಲ ಕಾರ್ಯಾಲಯದಲ್ಲೂ ಅದೇ ಮುಹೂರ್ತಕ್ಕೆ ಇನ್ನೊಂದು ಮದುವೆ. ನಮ್ಮ ಸ್ಪೀಕರು ಇದ್ದಕ್ಕಿದ್ದಂತೆ "ಬೀಗರು ನಾಷ್ಟಾಕ್ಕ ಬರ್ರಿ" ಅಂದಾಗ, ಆಗಲೇ ಉಂಡೆದ್ದಿದ್ದ ನಮ್ಮ ಬೀಗರು ಎರಡನೇ ಸಲ ಹೊರಟರು. ಕರೆದದ್ದು ಆಚೆ ಮಂಟಪದವರು! ಎರಡೂ ಕಡೆಯ ತಂತಿಯಿಲ್ಲದ ಮೈಕುಗಳು ಒಂದೇ ಅಂಗಡಿಯ ಬಾಡಿಗೆ ಮಾಲು, ಬದಲಿಸಲು ಬಾರದ ಒಂದೇ ಚಾನಲ್ಲು. ನಮ್ಮ ಭಟ್ಟರು ಸೌಂಡ್ ಪೆಟ್ಟಿಗೆಯ ಕಡೆ ಮುಖವಿಟ್ಟರೆ ನಮ್ಮ ದನಿ, ಬೆನ್ನು ತಿರುಗಿಸಿದರೆ ಆಚೆಯವರದು, ನಡುವೆ ಕುಂಯ್ಯೆಂಬ ಸಿಳ್ಳೆ.

ನಾಷ್ಟಾದ ಗೊಂದಲಕ್ಕೆ ಎಲ್ಲರೂ ನಕ್ಕರು, ಅವ್ವ ನಗಲಿಲ್ಲ. ಕೊನೆಯ ಸಾವಧಾನಕ್ಕೆ ವಧೂವರರ ನಡುವಿನ ಅಂತರಪಟ ಇಳಿಯಬೇಕು, ಅಕ್ಕಿಕಾಳು ಬೀಳಬೇಕು. ಪಟ ಹಿಡಿಯುವ ಸೋದರಮಾವ ಮಹಾ ಅವಸರದ ಮನುಷ್ಯ. "ಆ ಕಡೀ ಸಾವಧಾನಕ್ಕ ನಿಮ್ಮ ಮಾವ ಪಡದಾ ಬಿಟ್ಟಾ ಅಂದ್ರ ಹೆಂಗೋ? ಮುಹೂರ್ತದ ಮದಲ ಮಾರಿ ನೋಡಿದಂಗ ಆಕ್ಕೈತಿ" ಎಂದು ಅವ್ವ ಕಣ್ಣೊರೆಸಿಕೊಂಡಳು.

"ಮೈಕ್ ಆರಿಸಿಬಿಡೋಣೇನು?" ಎಂದು ಸೌಂಡಿನ ಮೌಲಾಲಿಯನ್ನು ಕೇಳಿದೆ.

"ಆರಿಸಿದ್ರ ಅವರ ಸ್ಪೀಕರಿನ ದನಿ ಗ್ವಾಡಿ ದಾಟಿ ಬರತೈತಿ. ನಿಮ್ಮ ಭಟ್ಟರ ದನಿ ಅವರ ಮೀಸಿಗೂ ಕೇಳಂಗಿಲ್ಲ. ತಂತೀ ಮೈಕ್ ಜಮಖಂಡ್ಯಾಗ ಉಳದೈತಿ." ತಲೆ ಕೆರೆದುಕೊಂಡ. "ಬ್ಯಾರೆ ಮಾಡಾಕ ಬರಂಗಿಲ್ಲಂದ್ರ ಕೂಡಿಸೇಬಿಡೂಣು. ಎರಡೂ ಕಡಿ ಒಂದ ಪದ್ಯ, ಒಂದ ಹೊತ್ತಿಗೆ. ಆಮ್ಯಾಲ ಯಾವ ಮೈಕ್ ಗೆದ್ರೇನು?"

ಪಕ್ಕದ ಮಂಟಪಕ್ಕೆ ಓಡಿದೆ. ಅಲ್ಲಿನ ಭಟ್ಟರು ಹರೆಯದವರು, ಮುಧೋಳದ ಬಸ್ಸು ತಪ್ಪೀತೆಂಬಂತೆ ಮಂತ್ರ ಹೇಳುವವರು. "ಪದ್ಯ ಎರಡೂ ಕಡಿ ಒಂದ ಆಗ್ಲಿ. ಆದ್ರ ನಿಮ್ಮ ಹಿರಿಯಾರ ಮಂತ್ರದ ನಡಿಗಿ ನನಗ ಹೆಂಗ ಗೊತ್ತಾಗಬೇಕ್ರಿ?" ಅಂದರು.

ಅದು ಗೊತ್ತಿದ್ದವನು ಊರಲ್ಲಿ ಒಬ್ಬನೇ. ಅವರ ಪಕ್ಕ ನಿಂತು ನಾನು ಎಳೆಯಬೇಕು, ನನ್ನ ಎಳೆತಕ್ಕೆ ಅವರು ಕೂಡಬೇಕು. ಹಾಗೆಂದರೆ ಅಕ್ಕನ ಪಟ ಇಳಿಯುವ ಗಳಿಗೆಯಲ್ಲಿ ನಾನು ಪರರ ಮಂಟಪದಲ್ಲಿ. ಬಂದು ಹೇಳಿದಾಗ ಬಾಸಿಂಗದ ಕೆಳಗೆ ಅವಳ ಮುಖ ಸಣ್ಣದಾಯಿತು. "ಅಂದ್ರ ನೀ ನನಗ ಅಕ್ಕಿಕಾಳ ಹಾಕಂಗಿಲ್ಲೇನಲೇ?" ಎಂದಳು. ನಾನು ತಟ್ಟೆಯಿಂದ ಒಂದು ಹಿಡಿ ಅಕ್ಕಿಕಾಳು ತೆಗೆದುಕೊಂಡೆ. "ಹೋಗು ಮತ್ತ. ಸರೀ ಮಾಡು" ಎಂದು ಅವಳೇ ಕಳಿಸಿದಳು.

ನಡುಗೋಡೆಯ ಬಾಗಿಲಲ್ಲಿ ನಿಂತು ಮೌಲಾಲಿ ಟವೆಲ್ಲು ಬೀಸಿದ. ಮೊದಲ ಪದ್ಯದಲ್ಲಿ ಹರೆಯದ ಭಟ್ಟರು ನಮ್ಮ ಭಟ್ಟರಿಗಿಂತ ಒಂದು ಉಸಿರು ಮುಂದೆ. ಸಾವಧಾನ ಬಂದಲ್ಲಿ ನಾನು ಅವರ ತೋಳು ಹಿಡಿದು ತಡೆದೆ, ಅಲ್ಲಿಂದ ಮತ್ತೆ ಎಣಿಕೆ. ಎರಡನೆಯದರಲ್ಲಿ ಅರ್ಧ ಉಸಿರು. ಮೂರನೆಯದಕ್ಕೆ ಎರಡು ಮಂಟಪಗಳ ದನಿ ಒಂದರೊಳಗೊಂದು ಹೊಕ್ಕು, ಸಿಳ್ಳೆ ಇದ್ದೂ ಯಾರ ಲಕ್ಷ್ಯಕ್ಕೂ ಬರಲಿಲ್ಲ. ಕೊನೆಯ ಸಾವಧಾನಕ್ಕೆ ಮೈಮರೆತು, ಅವರ ಮೈಕಿನ ಹತ್ತಿರವೇ ಮೂಗನ್ನೂ ಸೇರಿಸಿ ಎಳೆದೆ. ಗೋಡೆಯ ಎರಡೂ ಕಡೆ ಒಮ್ಮೆಲೇ ವಾದ್ಯ ಮೊಳಗಿತು. ಅಕ್ಕನಿಗೆಂದು ಹಿಡಿದಿದ್ದ ಅಕ್ಕಿಕಾಳನ್ನು ಗುರುತಿಲ್ಲದ ಮದುಮಗಳ ತಲೆಗೆ ಹಾಕಿ, ಆಕೆಯ ಅವ್ವ "ಯಾರ ಪೈಕಿ ನೀವು?" ಎಂದು ಕೇಳುವಷ್ಟರಲ್ಲಿ ಓಡಿ ಬಂದೆ.

ಅಕ್ಕ ಇನ್ನೂ ನಗುತ್ತಿದ್ದಳು. "ಭಟ್ಟರು ದೇವರ ಕಡಿ ತಿರಿಗಿದ್ರು ನೋಡು, ಕಡೇ ಸಾವಧಾನ ನಮ್ಮ ಸ್ಪೀಕರಿನಾಗ ನಿಂದ ಬಂತಲೇ. ಮೂಗಿನ ಸಮೇತ! ನಗಿ ತಡಕೊಳ್ಳಾಕ ಆಗಲಿಲ್ಲ. ಅಷ್ಟರಾಗ ಮಾವ ಪಡದಾ ಬಿಟ್ಟಾ."

ಆ ಗಳಿಗೆಯ ಫೋಟೊ ಈಗ ಬೀಳಗಿಯಲ್ಲಿ ಅವಳ ಮನೆಯ ಪಡಸಾಲೆಯಲ್ಲಿದೆ: ಪಟ ಇಳಿದಿದೆ, ಅಕ್ಕ ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಾಳೆ. ಮನೆಗೆ ಯಾರೇ ಬರಲಿ, ಭಾವ ಅದರ ಮುಂದೆ ನಿಲ್ಲಿಸಿ, "ನನ್ನ ಮಾರಿ ನೋಡಿದ ಕೂಡ್ಲೇ ಎಷ್ಟ ಖುಷಿಯಾಗ್ಯಾಳ ನೋಡ್ರಿ" ಎನ್ನುತ್ತಾರೆ. ಅಕ್ಕ ಅಡುಗೆಮನೆಯ ಬಾಗಿಲಿನಿಂದ ನನ್ನನ್ನು ದಿಟ್ಟಿಸುತ್ತಾಳೆ. ನಾನು ಚಹಾದ ಕಪ್ಪು ಕೆಳಗಿಟ್ಟು, "ಹೌದ್ರೀ ಭಾವ, ಖರೇನ" ಅನ್ನುತ್ತೇನೆ.